ಪಗಡಿಯ ಖೋಲಿ: ಮುಂಬಯಿಯ ಹಳೇ ಕಟ್ಟಡದಲ್ಲಿ ನಾವು ಕೊಳ್ಳುವುದೇನನ್ನು?

ಮುಂಬಯಿಗೆ ಬಂದು ಏಳೆಂಟು ವರ್ಷ ಕಳೆದು, ಕೈಯಲ್ಲಿ ನಾಲ್ಕು ಕಾಸು ಕೂಡಿದ ಕನ್ನಡಿಗರು ಇಲ್ಲೊಂದು ‘ಜಾಗ’ ಮಾಡಿಕೊಳ್ಳೋಣವೆಂದು ಹೊರಟರೆ, ಬ್ರೋಕರರ ಬಾಯಿಂದ ಮೊದಲ ವಾರದಲ್ಲೇ ಕೇಳಿಬರುವ ಮಾತು ‘ಪಗಡಿ’. ಗಿರ್‌ಗಾಂವಿನಲ್ಲೋ ಲಾಲ್‌ಬಾಗಿನಲ್ಲೋ ದಾದರಿನಲ್ಲೋ ಒಂದು ಖೋಲಿ ಇದೆ, ಸ್ಟೇಷನ್ನಿಗೆ ಐದು ನಿಮಿಷ, ಅದೇ ರಸ್ತೆಯ ಫ್ಲ್ಯಾಟಿಗೆ ಹೋಲಿಸಿದರೆ ಬೆಲೆ ಎಷ್ಟೋ ಕಡಿಮೆ, ತಿಂಗಳ ಬಾಡಿಗೆ ನೂರು ರೂಪಾಯಿ, ಕಟ್ಟಡ ಹಳೆಯದು ನಿಜ, ಆದರೆ ‘ರೀಡೆವಲಪ್‌ಮೆಂಟಿಗೆ ಹೋಗುವುದರಲ್ಲಿದೆ’ ಎನ್ನುತ್ತಾರೆ. ಊರಿನಿಂದ ಬಂದವರಿಗೆ ಆಗ ಎರಡು ಸರಳ ಪ್ರಶ್ನೆ ಏಳುತ್ತವೆ. ಬೆಲೆ ಕೊಟ್ಟು ಕೊಂಡ ಮೇಲೆ ಬಾಡಿಗೆ ಯಾಕೆ? ಬಾಡಿಗೆಯ ಮನೆಯಾದರೆ ಬೆಲೆ ಯಾಕೆ?

ನಾನು ಬ್ಯಾಂಕೊಂದರ ಗೃಹಸಾಲ ವಿಭಾಗದಲ್ಲಿದ್ದು, ಈ ನಗರದ ಮನೆಗಳ ಕಾಗದಪತ್ರ ಓದುತ್ತ ಬಹಳ ವರ್ಷ ಕಳೆದವನು. ಗೆಳೆಯರು, ಊರಿನ ಸಂಬಂಧಿಕರು, ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರು ಇಂಥ ಖೋಲಿಗಳ ರಸೀತಿ ಹಿಡಿದು ನನ್ನ ಬಳಿ ಬರುವುದುಂಟು. ಅವರಿಗೆ ನಾನು ಮೊದಲು ಹೇಳುವುದು ಬೆಲೆಯ ಲೆಕ್ಕವನ್ನಲ್ಲ, ಚರಿತ್ರೆಯನ್ನು. ಏಕೆಂದರೆ ಈ ಖೋಲಿಯ ಅಗ್ಗದ ಬೆಲೆ, ಕಟ್ಟಡದ ದುರವಸ್ಥೆ, ಕೊಳ್ಳುವವನಿಗೆ ಕಾದಿರುವ ಅಪಾಯ ಮೂರೂ ಒಂದೇ ಬೇರಿನಿಂದ ಬಂದವು. ಕಟ್ಟಡವನ್ನು ಸುಸ್ಥಿತಿಯಲ್ಲಿಡುವುದು ಯಾರಿಗೂ ಲಾಭದ ಕೆಲಸವಾಗಿ ಉಳಿಯಲಿಲ್ಲ ಎಂಬುದೇ ಆ ಬೇರು.

ಕರಾವಳಿಯವರಿಗೆ ಪಗಡಿಯನ್ನು ವಿವರಿಸುವುದು ಸುಲಭ. ನಮ್ಮಲ್ಲಿ ಚಾಲಗೇಣಿ, ಮೂಲಗೇಣಿ ಎಂದು ಎರಡು ಬಗೆಯಿತ್ತು. ಚಾಲಗೇಣಿಯ ಒಕ್ಕಲನ್ನು ಧಣಿ ಬಿಡಿಸಬಹುದಿತ್ತು, ಗೇಣಿ ಏರಿಸಬಹುದಿತ್ತು. ಮೂಲಗೇಣಿ ಹಾಗಲ್ಲ. ಗೇಣಿ ನಿಗದಿಯಾದದ್ದು, ಹಕ್ಕು ತಲೆಮಾರಿನಿಂದ ತಲೆಮಾರಿಗೆ ಇಳಿಯುವಂಥದ್ದು, ಬೇಕಾದರೆ ಇನ್ನೊಬ್ಬರಿಗೆ ಕೊಡಬಹುದಾದದ್ದು. ಪಗಡಿಯ ಖೋಲಿ ಹೆಚ್ಚುಕಡಿಮೆ ನಗರದ ಮೂಲಗೇಣಿ. ಬೆಂಗಳೂರು ಕಡೆಯವರು ಇದನ್ನು ಭೋಗ್ಯ ಅಥವಾ ಲೀಸಿನ ಮನೆ ಎಂದುಕೊಳ್ಳುತ್ತಾರೆ, ಅದು ತಪ್ಪು. ಭೋಗ್ಯದಲ್ಲಿ ಅವಧಿ ಮುಗಿದಾಗ ನಿಮ್ಮ ದುಡ್ಡು ನಿಮಗೆ ವಾಪಸು ಬರಬೇಕು. ಪಗಡಿಯ ದುಡ್ಡನ್ನು ಯಾರೂ ವಾಪಸು ಕೊಡುವುದಿಲ್ಲ. ನಿಮ್ಮ ಹಿಂದೆ ಇನ್ನೊಬ್ಬ ಬಂದು ನಿಮಗಿಂತ ಹೆಚ್ಚು ಕೊಟ್ಟರೆ ಮಾತ್ರ ಅದು ಮರಳಿ ಕೈಸೇರುತ್ತದೆ.

*

ಈ ನಗರದ ಮೂಲಗೇಣಿ ಹುಟ್ಟಿದ್ದು ಹೇಗೆ ಎಂದು ತಿಳಿಯಲು ಸ್ವಲ್ಪ ಹಿಂದೆ ಹೋಗಬೇಕು. 1896ರಲ್ಲಿ ಮಾಂಡ್ವಿಯ ಗೋದಾಮು, ಇಕ್ಕಟ್ಟಾದ ಮನೆಗಳ ನಡುವೆ ಪ್ಲೇಗು ಕಾಣಿಸಿಕೊಂಡಿತು. ಗಾಳಿ ಬೆಳಕಿಲ್ಲದ ಕೋಣೆಗಳಲ್ಲಿ ಜನ ಒತ್ತೊತ್ತಾಗಿ ಬದುಕುತ್ತಿದ್ದುದು ಆಗ ಸರಕಾರದ ಕಣ್ಣಿಗೂ ಬಿತ್ತು. 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಸ್ಥಾಪನೆಯಾಯಿತು. ಹಳೆಯ ಕೇರಿಗಳನ್ನು ಒಡೆದು ರಸ್ತೆ ಮಾಡಿದ್ದು, ಉತ್ತರದಲ್ಲಿ ದಾದರ್, ಮಾಟುಂಗಾಗಳ ಗದ್ದೆ ಬಯಲನ್ನು ವಸತಿಗೆ ತೆರೆದದ್ದು ಈ ಟ್ರಸ್ಟೇ. ನಮ್ಮ ಮೈಸೂರು ಅಸೋಸಿಯೇಷನ್ 1926ರಲ್ಲಿ ಹುಟ್ಟಿ ನೆಲೆಯಾದ ಮಾಟುಂಗಾ, ದಕ್ಷಿಣದವರ ಊರಾಗಿ ಬೆಳೆದದ್ದು ಈ ಬಡಾವಣೆಯ ಮೇಲೆಯೇ.

ಗಿರಣಿ ಕಾರ್ಮಿಕರಿಗಾಗಿ 1920ರ ದಶಕದಲ್ಲಿ ಸರಕಾರದ ಡೆವಲಪ್‌ಮೆಂಟ್ ಇಲಾಖೆ ಕಟ್ಟಿಸಿದವು ಬಿಡಿಡಿ ಚಾಳುಗಳು. ವರಳಿ, ನಾಯಗಾಂವ್, ಡಿಲಾಯ್ಲ್ ರೋಡ್, ಶಿವಡಿಗಳಲ್ಲಿ ಒಟ್ಟು 207 ಕಟ್ಟಡ, ಒಂದೊಂದು ಖೋಲಿ 160 ಚದರಡಿ. ಖಾಸಗಿ ಮಾಲೀಕರೂ ಇದೇ ಮಾದರಿಯನ್ನು ಹಿಡಿದರು. ಉದ್ದದ ವೆರಾಂಡ, ಸಾಲು ಖೋಲಿ, ಕೊನೆಯಲ್ಲಿ ಎಲ್ಲರಿಗೂ ಸೇರಿದ ಸಂಡಾಸು. ಆಗ ಚಾಳು ಕಟ್ಟಿಸುವುದು ಒಳ್ಳೆಯ ಹೂಡಿಕೆ. ಬಾಡಿಗೆಯ ಹಣದಲ್ಲಿ ಖರ್ಚು ಕಳೆದು ಲಾಭ ಉಳಿಯುತ್ತಿತ್ತು, ಮಾಲೀಕ ವರ್ಷಕ್ಕೊಮ್ಮೆ ಸುಣ್ಣ ಬಳಿಸಿ ಹೆಂಚು ತಿರುವಿಸುತ್ತಿದ್ದ.

ಈ ಲೆಕ್ಕವನ್ನು ತಪ್ಪಿಸಿದ್ದು ಯುದ್ಧ. ಮೊದಲ ಮಹಾಯುದ್ಧದ ಕಾಲದಲ್ಲಿ ಬಾಡಿಗೆ ಗಗನಕ್ಕೇರಿದಾಗ 1918ರಲ್ಲಿ ತಾತ್ಕಾಲಿಕವಾಗಿ ಬಾಡಿಗೆ ನಿಯಂತ್ರಣ ಬಂತು. ಎರಡನೆಯ ಮಹಾಯುದ್ಧದ ಹೊತ್ತಿಗೆ ಮತ್ತೆ ಬಂತು. ಸ್ವಾತಂತ್ರ್ಯ, ದೇಶವಿಭಜನೆ, ನಿರಾಶ್ರಿತರ ಪ್ರವಾಹದ ನಡುವೆ 1947ರ ಬಾಂಬೆ ಬಾಡಿಗೆ ನಿಯಂತ್ರಣ ಕಾಯಿದೆ ರೂಪುಗೊಂಡು 1948ರ ಫೆಬ್ರವರಿ 13ರಂದು ಜಾರಿಯಾಯಿತು. 1940ರ ಸೆಪ್ಟೆಂಬರ್ 1ರಂದು ಯಾವ ಬಾಡಿಗೆ ಇತ್ತೋ ಅದೇ ‘ಸ್ಟ್ಯಾಂಡರ್ಡ್ ರೆಂಟ್’ ಎಂದಾಯಿತು. ಬಾಡಿಗೆ ಕಟ್ಟುತ್ತಿರುವವನನ್ನು ಕಾನೂನು ಹೇಳಿದ ಕಾರಣವಿಲ್ಲದೆ ಬಿಡಿಸುವಂತಿಲ್ಲ ಎಂದಾಯಿತು. ನಿರಾಶ್ರಿತನಿಗೆ, ಗಿರಣಿಯ ಕೂಲಿಗೆ, ಹೋಟೆಲಿನ ಮಾಣಿಗೆ ಈ ಕಾಯಿದೆ ದೊಡ್ಡ ಆಸರೆಯಾಗಿತ್ತು. ಇದಿಲ್ಲದಿದ್ದರೆ ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ ಈ ನಗರದಲ್ಲಿ ನೆಲೆ ನಿಲ್ಲುತ್ತಿರಲಿಲ್ಲ. ಆದರೆ ತಾತ್ಕಾಲಿಕವೆಂದು ಬಂದ ಕಾನೂನನ್ನು ಮತ್ತೆ ಮತ್ತೆ ಮುಂದುವರಿಸಲಾಯಿತು. ಬಾಡಿಗೆ 1940ರಲ್ಲೇ ನಿಂತುಹೋಯಿತು, ಇಟ್ಟಿಗೆ, ಸಿಮೆಂಟು, ಕೂಲಿಯ ದರ ನಿಲ್ಲಲಿಲ್ಲ.

*

ನಿಜವಾದ ಬೆಲೆಗೂ ಕಾನೂನಿನ ಬಾಡಿಗೆಗೂ ನಡುವೆ ಬಿರುಕು ಬಿಟ್ಟಾಗ ಅದರೊಳಗೆ ಬಂದು ಕೂತದ್ದು ಪಗಡಿ. ಪಗಡಿ ಎಂದರೆ ಪೇಟ. ಮರ್ಯಾದೆಗೆ ಕೊಡುವ ಕಾಣಿಕೆ ಎಂಬ ಅರ್ಥದಲ್ಲಿ ಬಂದ ಮಾತು. ಖೋಲಿಯೊಳಗೆ ಕಾಲಿಡಲು ಮಾಲೀಕನಿಗೆ ಒಂದು ದೊಡ್ಡ ಮೊತ್ತ, ಆಮೇಲೆ ತಿಂಗಳಿಗೆ ನಾಮಮಾತ್ರ ಬಾಡಿಗೆ. ಬಿಟ್ಟುಹೋಗುವ ಬಾಡಿಗೆದಾರ ಹೊಸಬನಿಂದ ಹಣ ಪಡೆದು ಅದರಲ್ಲಿ ಒಂದು ಪಾಲನ್ನು, ಸಾಮಾನ್ಯವಾಗಿ ಮೂರನೇ ಒಂದನ್ನು, ಮಾಲೀಕನಿಗೆ ಕೊಡುವುದು ರೂಢಿಯಾಯಿತು.

ನೆನಪಿಡಬೇಕಾದ ಸಂಗತಿ ಏನೆಂದರೆ, 1947ರ ಕಾಯಿದೆಯ ಪ್ರಕಾರ ಮಾಲೀಕ ಹೀಗೆ ಹಣ ಪಡೆಯುವುದು ಅಪರಾಧ. ಹಾಗಾಗಿ ಐವತ್ತು ವರ್ಷ ಈ ನಗರದಲ್ಲಿ ಪಗಡಿಯ ಹಣ ಕತ್ತಲಲ್ಲೇ ಕೈಬದಲಾಯಿತು. ಅದಕ್ಕೆ ರಸೀತಿ ಇಲ್ಲ, ಕರಾರಿಲ್ಲ. ಕಾಗದದಲ್ಲಿ ಉಳಿದದ್ದು ಹದಿನೈದೋ ಮೂವತ್ತೋ ರೂಪಾಯಿಯ ಬಾಡಿಗೆ ರಸೀತಿ ಒಂದೇ. ನನ್ನ ಬಳಿ ಬರುವ ಹಳೇ ಖೋಲಿಗಳ ಕಡತ ಇಷ್ಟು ತೆಳ್ಳಗಿರುವುದಕ್ಕೆ ಇದೇ ಕಾರಣ. ಲಕ್ಷಗಟ್ಟಲೆ ಹಣದ ಹಕ್ಕು ನಿಂತಿರುವುದು ಅಜ್ಜನ ಹೆಸರಿನ ಒಂದು ಚೀಟಿಯ ಮೇಲೆ.

1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯಲ್ಲಿ ಕರ್ನಾಟಕದ ಗೇಣಿದಾರರು ಡಿಕ್ಲರೇಷನ್ ಕೊಟ್ಟು ಹೊಲದೊಡೆಯರಾದರು. ಒಡೆಯನಾದವನು ಕಂಟದ ಬದು ಕಟ್ಟಿದ, ತೆಂಗು ನೆಟ್ಟ, ಬಾವಿ ತೋಡಿದ. ಆ ಬದಲಾವಣೆಯಲ್ಲಿ ಜಮೀನು ಕಳೆದುಕೊಂಡು ಮುಂಬಯಿಯ ದಾರಿ ಹಿಡಿದ ಮನೆಗಳವರೂ ಉಂಟು. ಅವರ ನೋವು ಬೇರೆಯ ಕತೆ. ಮುಂಬಯಿಯ ಖೋಲಿಯ ವಿಷಯದಲ್ಲಿ ಮಾತ್ರ ಸರಕಾರ ಈ ಕಡೆಗೂ ಇಲ್ಲ, ಆ ಕಡೆಗೂ ಇಲ್ಲ. ಬಾಡಿಗೆದಾರ ಒಡೆಯನಾಗಲಿಲ್ಲ, ಒಡೆಯ ಒಡೆಯನಾಗಿ ಉಳಿಯಲಿಲ್ಲ. ‘ಕಟ್ಟಡ ಅವನದು, ಅವನೇ ರಿಪೇರಿ ಮಾಡಲಿ’ ಎಂದು ಬಾಡಿಗೆದಾರ, ‘ಇರುವವರು ಅವರು, ಅವರೇ ಮಾಡಿಕೊಳ್ಳಲಿ’ ಎಂದು ಮಾಲೀಕ. ನಡುವೆ ಮಳೆನೀರು ತನ್ನ ಕೆಲಸ ಮಾಡುತ್ತ ಹೋಯಿತು.

ಹಳೆಯ ಚಾಳುಗಳಲ್ಲಿ ಮರದ ತೊಲೆಗಳ ತುದಿ ಸುಣ್ಣದ ಗಾರೆಯ ಗೋಡೆಯೊಳಗೆ ಹೂತಿರುತ್ತದೆ. ಖೋಲಿಯ ಮೂಲೆಯ ಮೋರಿ, ವೆರಾಂಡದ ಕೊನೆಯ ಸಂಡಾಸು ಇವುಗಳ ನೀರು ಗೋಡೆಗೆ ಇಳಿದು ಮೊದಲು ಕೊಳೆಯುವುದು ಆ ತುದಿಗಳೇ. ಹೊರಗಿನಿಂದ ತೊಲೆ ಗಟ್ಟಿಯಾಗಿ ಕಾಣುತ್ತದೆ, ಒಳಗೆ ಹಿಟ್ಟಾಗಿರುತ್ತದೆ. ಕಬ್ಬಿಣದ ತೊಲೆ ಇರುವಲ್ಲಿ, ಆಮೇಲಿನ ಕಾಂಕ್ರೀಟ್ ಕಟ್ಟಡಗಳಲ್ಲಿ, ಕಡಲ ಉಪ್ಪುಗಾಳಿಗೆ ಸಲಾಕೆ ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟನ್ನು ಸೀಳುತ್ತದೆ. ಇದರ ಮೇಲೆ ಒಬ್ಬ ಕಲ್ಲಿನ ಟೈಲ್ಸ್ ಹಾಸುತ್ತಾನೆ, ಇನ್ನೊಬ್ಬ ಅಟ್ಟ ಎತ್ತುತ್ತಾನೆ, ಮತ್ತೊಬ್ಬ ನೀರಿನ ಟಾಂಕಿ ಇಡುತ್ತಾನೆ, ಕೆಳಗಿನ ಅಂಗಡಿಯವನು ಜಾಗ ಸಾಲದೆಂದು ಕಂಬವನ್ನೇ ಕೆತ್ತುತ್ತಾನೆ. ಎಲ್ಲರೂ ತಮ್ಮ ತಮ್ಮ ಖೋಲಿಗೆ ಖರ್ಚು ಮಾಡುತ್ತಾರೆ, ಕಟ್ಟಡಕ್ಕೆ ಯಾರೂ ಮಾಡುವುದಿಲ್ಲ.

ಮಳೆಗಾಲಗಳಲ್ಲಿ ಕಟ್ಟಡಗಳು ಬೀಳತೊಡಗಿದ ಮೇಲೆ ಸರಕಾರ 1969ರಲ್ಲಿ ರಿಪೇರಿ ಮಂಡಳಿಯ ಕಾಯಿದೆ ತಂದಿತು. 1969ರ ಸೆಪ್ಟೆಂಬರ್ 30ಕ್ಕೆ ಮುಂಚಿನ ಬಾಡಿಗೆ ಕಟ್ಟಡಗಳ ಮೇಲೆ ಸೆಸ್ ಹಾಕಿ, ಆ ಹಣಕ್ಕೆ ಸರಕಾರದ ಪಾಲು ಸೇರಿಸಿ, ಮಂಡಳಿಯೇ ರಿಪೇರಿ ಮಾಡುವ ಏರ್ಪಾಡು. ಆಗ ಲೆಕ್ಕಕ್ಕೆ ಸಿಕ್ಕಿದ ಸೆಸ್ ಕಟ್ಟಡಗಳು 19,642. ಮುಂದೆ ಈ ಕೆಲಸ ಮ್ಹಾಡಾಕ್ಕೆ ಬಂತು. ಮಂಡಳಿ ಎಷ್ಟೋ ಕಟ್ಟಡಗಳಿಗೆ ಊರೆ ಕೊಟ್ಟು ನಿಲ್ಲಿಸಿತು, ಕೆಲವನ್ನು ಹೊಸದಾಗಿ ಕಟ್ಟಿತು. ಆದರೆ ರಿಪೇರಿಗೆ ಚದರ ಮೀಟರಿಗಿಷ್ಟು ಎಂಬ ಮಿತಿ ಇದೆ. ಖರ್ಚು ಅದನ್ನು ಮೀರಿದರೆ ಕಟ್ಟಡ ‘ರಿಪೇರಿಗೆ ಸಲ್ಲದ್ದು’. ಆಗ ಜನ ಟ್ರಾನ್ಸಿಟ್ ಕ್ಯಾಂಪಿಗೆ. ತಾತ್ಕಾಲಿಕವೆಂದು ಹೋದ ಕುಟುಂಬಗಳು ಅಲ್ಲೇ ದಶಕಗಳನ್ನು ಕಳೆದ ಉದಾಹರಣೆ ಈ ನಗರದಲ್ಲಿ ಬೇಕಾದಷ್ಟಿವೆ.

*

ನಮ್ಮವರ ಹೋಟೆಲುಗಳ ಚರಿತ್ರೆಯೂ ಇದರೊಂದಿಗೆ ಹೆಣೆದುಕೊಂಡಿದೆ. ಫೋರ್ಟ್, ಗಿರ್‌ಗಾಂವ್, ದಾದರ್, ಕುರ್ಲಾಗಳಲ್ಲಿ ತುಳುನಾಡಿನವರು ಹೋಟೆಲು ತೆರೆದದ್ದು ಬಹುಮಟ್ಟಿಗೆ ಇಂಥ ಹಳೇ ಬಾಡಿಗೆ ಕಟ್ಟಡಗಳ ನೆಲಮಾಳಿಗೆಗಳಲ್ಲಿ, ಪಗಡಿ ಕೊಟ್ಟು. ಮಾಲೀಕತ್ವವಿರದಿದ್ದರೂ ಜಾಗ ಕೈಯಲ್ಲಿತ್ತು. ಊರಿಗೆ ಮರಳಿದವರು, ವಯಸ್ಸಾದವರು ಹೋಟೆಲನ್ನು ಇನ್ನೊಬ್ಬರಿಗೆ ‘ಕಂಡಕ್ಟಿಂಗ್’ ಕೊಟ್ಟು ತಿಂಗಳಿಗಿಷ್ಟು ಎಂದು ಪಡೆಯುವುದು ಬಳಕೆಗೆ ಬಂತು. 1973ರಲ್ಲಿ ಕಾಯಿದೆಗೆ ಒಂದು ತಿದ್ದುಪಡಿಯಾಗಿ, ಆ ಫೆಬ್ರವರಿ 1ರಂದು ಲೀವ್ ಆಂಡ್ ಲೈಸೆನ್ಸಿನ ಮೇಲೆ ಜಾಗದಲ್ಲಿದ್ದವರೆಲ್ಲ ಬಾಡಿಗೆದಾರರೇ ಎಂದಾಯಿತು. ಆದರೆ ಲೈಸೆನ್ಸ್ ಕೊಟ್ಟವನದೇ ಆದ, ನಡೆಯುತ್ತಿರುವ ವ್ಯಾಪಾರವನ್ನು ನಡೆಸಿಕೊಡುವವನು ಈ ವ್ಯಾಖ್ಯೆಯಿಂದ ಹೊರಗುಳಿದ. ಒಂದು ಸಾಲಿನ ಈ ವ್ಯತ್ಯಾಸ ಹೋಟೆಲಿನವರಿಗೆ ಅನ್ನದ ಪ್ರಶ್ನೆ. ಜಾಗ ಕೊಟ್ಟದ್ದೋ, ವ್ಯಾಪಾರ ಕೊಟ್ಟದ್ದೋ? ಕರಾರಿನಲ್ಲಿ ಅದನ್ನು ಹೇಗೆ ಬರೆದಿದೆ ಎಂಬುದರ ಮೇಲೆ ಸ್ಮಾಲ್ ಕಾಸಸ್ ಕೋರ್ಟಿನಲ್ಲಿ ಅಣ್ಣತಮ್ಮಂದಿರಂತಿದ್ದವರು ವರ್ಷಾನುಗಟ್ಟಲೆ ಎದುರುಬದುರು ನಿಂತದ್ದನ್ನು ನಾನು ಕಂಡಿದ್ದೇನೆ. ಹನ್ನೊಂದು ತಿಂಗಳ ಕರಾರು, ಕೊಡಲು ಹೆದರಿ ಬೀಗ ಹಾಕಿಟ್ಟ ಫ್ಲ್ಯಾಟು ಇವೆಲ್ಲ ಈ ಭಯದಿಂದ ಬೆಳೆದ ರೂಢಿಗಳು.

ಬಾಡಿಗೆ ಸ್ತಂಭನದ ವಿರುದ್ಧ ಮಾಲೀಕರು ಸುಪ್ರೀಂ ಕೋರ್ಟಿಗೆ ಹೋದ ಮುಖ್ಯ ಪ್ರಕರಣದ ಹೆಸರಿನಲ್ಲೇ ನಮ್ಮ ಕರಾವಳಿಯ ಊರಿದೆ: ಮಲ್ಪೆ ವಿಶ್ವನಾಥ ಆಚಾರ್ಯ ವಿರುದ್ಧ ಮಹಾರಾಷ್ಟ್ರ ಸರಕಾರ. 1997ರ ಡಿಸೆಂಬರಿನಲ್ಲಿ ತೀರ್ಪು ಬಂತು. 1940ರ ಬಾಡಿಗೆಯನ್ನೇ ಹಿಡಿದಿಡುವುದು ಕಾಲ ಸರಿದಂತೆ ಅನ್ಯಾಯವೂ ಮನಸ್ವಿಯೂ ಆಗಿದೆ ಎಂದು ಕೋರ್ಟು ಹೇಳಿತು. ಕಾಯಿದೆಯ ಅವಧಿ 1998ರ ಮಾರ್ಚ್ 31ಕ್ಕೆ ಮುಗಿಯಲಿದ್ದು ಹೊಸದು ಬರುವುದರಲ್ಲಿದ್ದುದರಿಂದ ಅದನ್ನು ಹೊಡೆದುಹಾಕಲಿಲ್ಲ. ಹೊಸ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆ, 1999 ಜಾರಿಯಾದದ್ದು 2000ದ ಮಾರ್ಚ್ 31ರಂದು. ಅದು ವರ್ಷಕ್ಕೆ ಶೇಕಡ 4ರಷ್ಟು ಬಾಡಿಗೆ ಏರಿಕೆಗೆ ಅವಕಾಶ ಕೊಟ್ಟಿತು, ಬ್ಯಾಂಕುಗಳು ಮತ್ತು ದೊಡ್ಡ ಕಂಪೆನಿಗಳನ್ನು ರಕ್ಷಣೆಯಿಂದ ಹೊರಗಿಟ್ಟಿತು, ಅರ್ಧ ಶತಮಾನ ಅಪರಾಧವಾಗಿದ್ದ ಪಗಡಿಯನ್ನು ಸಕ್ರಮ ಮಾಡಿತು.

ಲೆಕ್ಕ ಹಾಕಿ ನೋಡಿ. 2000ದಲ್ಲಿ ನಲವತ್ತು ರೂಪಾಯಿ ಇದ್ದ ಬಾಡಿಗೆ, ಒಂದು ವರ್ಷವೂ ತಪ್ಪದೆ ಏರಿದರೂ ಇಪ್ಪತ್ತೈದು ವರ್ಷದ ಮೇಲೆ ನೂರಾ ಏಳು ರೂಪಾಯಿ. ಮಾಲೀಕ ರಿಪೇರಿ ಮಾಡದಿದ್ದರೆ ಬಾಡಿಗೆದಾರ ನೋಟಿಸು ಕೊಟ್ಟು ತಾನೇ ಮಾಡಿಸಿ ಬಾಡಿಗೆಯಲ್ಲಿ ಕಳೆದುಕೊಳ್ಳಬಹುದು ಎಂದೂ ಈ ಕಾಯಿದೆಯಲ್ಲಿದೆ, ಆದರೆ ವರ್ಷದ ಬಾಡಿಗೆಯ ಕಾಲುಭಾಗ ಮೀರುವಂತಿಲ್ಲ. ನಲವತ್ತರ ಬಾಡಿಗೆಗೆ ಅದು ವರ್ಷಕ್ಕೆ 120 ರೂಪಾಯಿ. ಅಷ್ಟಕ್ಕೆ ಗಾರೆಯವನು ಏಣಿ ಎತ್ತಿಕೊಂಡು ಬರುವುದೂ ಇಲ್ಲ.

*

ಇಷ್ಟರಲ್ಲಿ ಇನ್ನೊಂದು ಕಡೆ ಆಟ ಬದಲಾಗಿತ್ತು. ನಗರದ ನೆಲದ ಬೆಲೆ ಏರುತ್ತಿದ್ದಂತೆ, 1991ರ ಅಭಿವೃದ್ಧಿ ನಿಯಮಾವಳಿಯ 33(7) ಎಂಬ ನಿಯಮ ಸೆಸ್ ಕಟ್ಟಡಗಳಿಗೆ ಹೊಸ ದಾರಿ ತೆರೆಯಿತು. ಇರುವ ಬಾಡಿಗೆದಾರರಿಗೆ ಹೊಸ ಮನೆ ಬಿಟ್ಟಿಯಾಗಿ ಕಟ್ಟಿಕೊಟ್ಟರೆ, ಬಿಲ್ಡರನಿಗೆ ಹೆಚ್ಚು ಎತ್ತರ ಕಟ್ಟಿ ಮಾರುವ ಅನುಮತಿ. ಉದ್ದೇಶ ಒಳ್ಳೆಯದೇ. ಆದರೆ ಅಲ್ಲಿಂದ ಮುಂದೆ ಮುರುಕು ಕಟ್ಟಡದ ಬೆಲೆ ನಿಂತಿರುವುದು ಅದು ಕೆಡವಲ್ಪಡುವ ದಿನದ ಮೇಲೆ. ಬೀಳುವಂತಿದ್ದಷ್ಟೂ ಆ ದಿನ ಹತ್ತಿರ. ರಿಪೇರಿ ಮಾಡಿದರೆ ದೂರ. ಮೊದಲು ಹಣವಿಲ್ಲದೆ ನಿಂತ ರಿಪೇರಿ ಈಗ ಲಾಭಕ್ಕಾಗಿಯೂ ನಿಂತಿತು. ಇಂದು ಬ್ರೋಕರ್ ನಿಮಗೆ ಮಾರುವುದು ಈ ಕಾಯುವಿಕೆಯನ್ನೇ.

ಕಾದವರಿಗೆ ಸಿಕ್ಕೇ ಇಲ್ಲವೆಂದಲ್ಲ. ವರಳಿಯ ಬಿಡಿಡಿ ಚಾಳಿನ 160 ಚದರಡಿಯ ಖೋಲಿಯವರಲ್ಲಿ ಮೊದಲ ತಂಡಕ್ಕೆ 2025ರ ಆಗಸ್ಟಿನಲ್ಲಿ 500 ಚದರಡಿಯ ಮನೆಯ ಕೀಲಿಕೈ ಸಿಕ್ಕಿತು. ಬ್ರೋಕರರು ತೋರಿಸುವುದು ಈ ಫೋಟೋವನ್ನೇ. ಆದರೆ ಅದು ಸರಕಾರದ ಜಾಗ, ಸರಕಾರದ ಕಟ್ಟಡ, ಕಟ್ಟಿದ್ದೂ ಮ್ಹಾಡಾ. ಬಿಲ್ಡರನನ್ನು ನಂಬಿದ ಕಡೆ ಏನಾಗಬಹುದು ಎಂಬುದಕ್ಕೆ ಗೋರೆಗಾಂವಿನ ಸಿದ್ಧಾರ್ಥ ನಗರ, ಜನರ ಬಾಯಲ್ಲಿ ಪತ್ರಾ ಚಾಳು, ಸಾಕ್ಷಿ. ಅಲ್ಲಿನ 672 ಬಾಡಿಗೆದಾರರ ಮನೆಗಳ ಮರುನಿರ್ಮಾಣಕ್ಕೆ 2008ರಲ್ಲಿ ಒಪ್ಪಂದವಾಯಿತು. ಮನೆ ಬಿಟ್ಟು ಹೋದವರಿಗೆ ಬಿಲ್ಡರ್ ಕೊಡಬೇಕಾದ ಬಾಡಿಗೆ ನಿಂತಿತು, ಕೆಲಸ ನಿಂತಿತು. 2018ರಲ್ಲಿ ಮ್ಹಾಡಾ ಆ ಒಪ್ಪಂದವನ್ನೇ ರದ್ದು ಮಾಡಿತು. ನಲವತ್ತನೆಯ ವಯಸ್ಸಿನಲ್ಲಿ ಮನೆ ಬಿಟ್ಟವರು ಐವತ್ತು ದಾಟಿದ್ದರು.

ಕಾಯುತ್ತ ಕಾಯುತ್ತ ಕಟ್ಟಡವೇ ಬಿದ್ದ ಕತೆಗಳೂ ಇವೆ. 2017ರ ಆಗಸ್ಟ್ 31ರಂದು ಭೇಂಡಿ ಬಜಾರಿನ ಹುಸೇನಿ ಕಟ್ಟಡ ಕುಸಿದು 33 ಜನ ಸತ್ತರು. ಎರಡು ದಿನದ ಹಿಂದಷ್ಟೇ ನಗರ ಮಹಾಮಳೆಯಲ್ಲಿ ಮುಳುಗಿತ್ತು. ಆ ಪ್ರದೇಶದ ಮರುನಿರ್ಮಾಣದ ಯೋಜನೆ ಆಗಲೇ ನಡೆಯುತ್ತಿತ್ತು, ಕಟ್ಟಡ ಅಪಾಯಕಾರಿ ಎಂಬುದೂ ಗೊತ್ತಿತ್ತು. ಕೆಲವು ಕುಟುಂಬಗಳು ಹೊರಟಿದ್ದವು, ಕೆಲವು ಉಳಿದಿದ್ದವು. 2019ರ ಜುಲೈ 16ರಂದು ಡೋಂಗ್ರಿಯ ಕೇಸರಬಾಯಿ ಕಟ್ಟಡ ಬಿದ್ದಾಗ ಹತ್ತಕ್ಕೂ ಹೆಚ್ಚು ಜೀವ ಹೋದವು. ಆ ಭಾಗ ಸೆಸ್ ಕಟ್ಟಡಕ್ಕೆ ಸೇರಿದ್ದಲ್ಲ, ಅಕ್ರಮವಾಗಿ ಕಟ್ಟಿದ್ದು ಎಂದು ಮ್ಹಾಡಾ ಹೇಳಿತು. ಹೊಣೆ ಯಾರದು ಎಂಬ ಪ್ರಶ್ನೆ ಕಟ್ಟಡ ನಿಂತಿರುವಾಗ ಇತ್ಯರ್ಥವಾಗದಿದ್ದರೆ ಬಿದ್ದ ಮೇಲೂ ಆಗುವುದಿಲ್ಲ.

*

ಇನ್ನು ಕೊಳ್ಳುವವರು ಏನು ನೋಡಬೇಕು ಎಂಬ ಮಾತು. ನನ್ನ ಬಳಿ ಬಂದವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತೇನೆ.

ಮೊದಲು ಕಟ್ಟಡ ಎಲ್ಲಿದೆ ಎಂಬುದು. ಸೆಸ್ ಮತ್ತು ರಿಪೇರಿ ಮಂಡಳಿಯ ವ್ಯವಸ್ಥೆ ಇರುವುದು ಮಾಹಿಮ್, ಸಯನ್‌ವರೆಗಿನ ಹಳೇ ನಗರಕ್ಕೆ ಮಾತ್ರ. ಬಾಂದ್ರಾ ದಾಟಿ ವಿಲೇಪಾರ್ಲೆಯಲ್ಲಾಗಲಿ, ಕುರ್ಲಾ ದಾಟಿ ಘಾಟ್‌ಕೋಪರ್, ಮುಲುಂಡಿನಲ್ಲಾಗಲಿ ಪಗಡಿ ಕಟ್ಟಡ ಇದ್ದರೆ ಅದಕ್ಕೆ ಆ ಮಂಡಳಿಯ ಆಸರೆ ಇಲ್ಲ. ಗಿರ್‌ಗಾಂವಿನಲ್ಲಿ ಕೇಳಿದ ಕತೆಯನ್ನು ನಂಬಿ ಉಪನಗರದಲ್ಲಿ ದುಡ್ಡು ಹಾಕಬಾರದು.

ಎರಡನೆಯದು ರಸೀತಿ. ಮಾರುವವನ ಹೆಸರಿನಲ್ಲಿದೆಯೇ, ತೀರಿಕೊಂಡ ಅವನ ಅಪ್ಪನ ಹೆಸರಿನಲ್ಲಿದೆಯೇ? ಬಾಡಿಗೆದಾರ ಸತ್ತಾಗ ಹಕ್ಕು ಹೋಗುವುದು ಮೊದಲಿಗೆ ಆಗ ಅವನ ಜೊತೆ ಆ ಮನೆಯಲ್ಲಿ ವಾಸವಿದ್ದ ಕುಟುಂಬದವರಿಗೆ. ಉಳಿದ ಆಸ್ತಿಯಂತೆ ಎಲ್ಲ ಮಕ್ಕಳಿಗೂ ತಾನಾಗಿ ಹಂಚಿಕೆಯಾಗುವಂಥದ್ದಲ್ಲ. ನನಗೆ ಗೊತ್ತಿರುವ ಒಬ್ಬ ಹುಡುಗ, ಧಾರವಾಡದ ಕಡೆಯವನು, ಹಿರಿಯ ಮಗನಿಂದ ಖೋಲಿ ಪಡೆದ. ಅಪ್ಪ ಸಾಯುವಾಗ ಜೊತೆಯಲ್ಲಿದ್ದದ್ದು ಕಿರಿಯ ಮಗಳು. ಆಕೆ ತಕರಾರು ಎತ್ತಿದಾಗ ಹಿರಿಯ ಮಗ ಫೋನು ಎತ್ತುವುದನ್ನೇ ಬಿಟ್ಟ. ಮಾಲೀಕನ ಲಿಖಿತ ಒಪ್ಪಿಗೆ, ಹೊಸ ಹೆಸರಿನ ರಸೀತಿ, ನೋಂದಣಿಯಾದ ಕರಾರು ಈ ಮೂರೂ ಕೈಗೆ ಬರುವ ಮುನ್ನ ಪೂರ್ತಿ ಹಣ ಕೊಡಬಾರದು. ಇಷ್ಟಿದ್ದರೂ ನೆಲದ ಒಡೆತನ ನಿಮ್ಮದಲ್ಲವಾದ್ದರಿಂದ ಬ್ಯಾಂಕುಗಳು ಸಾಮಾನ್ಯವಾಗಿ ಇದಕ್ಕೆ ಗೃಹಸಾಲ ಕೊಡುವುದಿಲ್ಲ. ನಾಳೆ ನಿಮ್ಮಿಂದ ಕೊಳ್ಳುವವನಿಗೂ ಸಿಗದು. ಅಗ್ಗದ ಬೆಲೆಯ ಒಂದು ಭಾಗ ಇದೇ.

ಮೂರನೆಯದು ಖೋಲಿಯ ವಯಸ್ಸು. ಇಲ್ಲಿ ನಾನು ಹೇಳುವುದು ಗೋಡೆಯದಲ್ಲ, ಬಾಡಿಗೆ ಹಕ್ಕಿನದು. 33(7)ರ ಯೋಜನೆಯಲ್ಲಿ 1996ರ ಜೂನ್ 13ರ ನಂತರ ಹೊಸದಾಗಿ ಹುಟ್ಟಿಸಿದ ಬಾಡಿಗೆ ಹಕ್ಕನ್ನು ಪರಿಗಣಿಸುವುದಿಲ್ಲ. ಒಂದು ಖೋಲಿಯನ್ನು ಹಲಗೆ ಹೊಡೆದು ಎರಡು ಮಾಡಿ ಮಾರುವವರಿದ್ದಾರೆ. ಹಲಗೆಯ ಆಚೆಯ ಅರ್ಧ ನೀವು ಕೊಂಡರೆ, ಮರುನಿರ್ಮಾಣದ ದಿನ ಪಟ್ಟಿಯಲ್ಲಿ ನಿಮ್ಮ ಹೆಸರಿರುವುದಿಲ್ಲ.

ನಾಲ್ಕನೆಯದು ನಮ್ಮಂಥವರು ಹೆಚ್ಚು ಎಡವುವ ಜಾಗ. ಖೋಲಿ ಕೊಂಡು ಬಾಡಿಗೆಗೆ ಬಿಟ್ಟು ತಿಂಗಳ ಆದಾಯ ನೋಡೋಣ ಎಂಬ ಲೆಕ್ಕ. ಮಾಲೀಕನ ಒಪ್ಪಿಗೆಯಿಲ್ಲದೆ ಒಳಬಾಡಿಗೆಗೋ ಲೈಸೆನ್ಸಿಗೋ ಕೊಡುವುದು ಕಾಯಿದೆಗೆ ವಿರುದ್ಧ, ಅದೇ ನಿಮ್ಮನ್ನು ಬಿಡಿಸಲು ಕಾರಣವಾಗುತ್ತದೆ. ಸರಿ, ಯಾರಿಗೂ ಕೊಡದೆ ಬೀಗ ಹಾಕಿಟ್ಟು ಕಾಯೋಣವೆಂದರೆ, ಸಕಾರಣವಿಲ್ಲದೆ ಆರು ತಿಂಗಳು ಬಳಸದಿರುವುದೂ ಬಿಡಿಸಲು ಕಾರಣವೇ. ಬಾಡಿಗೆ ಕಾಯಿದೆ ಹುಟ್ಟಿದ್ದು ವಾಸವಿರುವವನನ್ನು ಕಾಪಾಡಲು. ಹೂಡಿಕೆದಾರನಿಗೆ ಅದರಲ್ಲಿ ಮನೆಯಿಲ್ಲ.

ಇಡೀ ಕಟ್ಟಡವನ್ನೇ ಬಾಡಿಗೆದಾರರ ಸಮೇತ ಕೊಳ್ಳುವ ಶಕ್ತರೂ ನಮ್ಮಲ್ಲಿದ್ದಾರೆ. ಅವರು ಇನ್ನೊಂದು ಸಂಗತಿ ತಿಳಿದಿರಬೇಕು. ಮ್ಹಾಡಾ ಕಾಯಿದೆಗೆ 1986ರಲ್ಲಿ ಸೇರಿದ ಅಧ್ಯಾಯವೊಂದು, ಸೆಸ್ ಕಟ್ಟಡದ ನಿವಾಸಿಗಳ ಸಹಕಾರಿ ಸಂಘಕ್ಕಾಗಿ ಸರಕಾರ ಕಟ್ಟಡವನ್ನು ವಶಪಡಿಸಿಕೊಳ್ಳಬಹುದು, ಮಾಲೀಕನಿಗೆ ತಿಂಗಳ ಬಾಡಿಗೆಯ ನೂರು ಪಟ್ಟು ಕೊಡಬೇಕು ಎನ್ನುತ್ತದೆ. ನಲವತ್ತರ ಬಾಡಿಗೆಯ ಖೋಲಿಗೆ ನಾಲ್ಕು ಸಾವಿರ ರೂಪಾಯಿ! ಇದನ್ನು ಪ್ರಶ್ನಿಸಿದ ಮಾಲೀಕರ ಸಂಘದ ಪ್ರಕರಣದಲ್ಲಿಯೇ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2024ರ ನವೆಂಬರ್ 5ರಂದು, ಪ್ರತಿಯೊಂದು ಖಾಸಗಿ ಆಸ್ತಿಯೂ ಸಮುದಾಯದ ಸಂಪನ್ಮೂಲವಲ್ಲ ಎಂದು ಬಹುಮತದಿಂದ ಹೇಳಿತು.

ಕಟ್ಟಡ ಬಿದ್ದರೆ ಹಕ್ಕೂ ಹೋಗುತ್ತದೆಯೇ ಎಂದು ಕೇಳುವವರಿದ್ದಾರೆ. ಇಲ್ಲ. ಕಟ್ಟಡ ನೆಲಸಮವಾದರೂ ಬಾಡಿಗೆದಾರನ ಹಕ್ಕು ಅಳಿಯುವುದಿಲ್ಲ ಎಂದು 2014ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿದೆ. ಆದರೆ ಹಕ್ಕು ಉಳಿದು ಸೂರು ಹೋದರೆ, ಮುಂದಿನ ಹತ್ತು ಹದಿನೈದು ವರ್ಷ ಬೇರೆ ಕಡೆ ಬಾಡಿಗೆ ಕಟ್ಟುತ್ತಲೇ ಕಾಯುವ ಶಕ್ತಿ ನಿಮಗಿರಬೇಕು. ಅಗ್ಗದ ಖೋಲಿಯ ಬೆಲೆಗೆ ಆ ಬಾಡಿಗೆಯನ್ನೂ ಕೂಡಿಸಿ ನೋಡಿದರೆ ಅದು ಅಗ್ಗವಾಗಿ ಉಳಿಯುವುದು ಅಪರೂಪ.

ಹಣದ ಮಾತು ಇಷ್ಟು. ಇದಕ್ಕಿಂತ ಭಾರವಾದದ್ದು ಇನ್ನೊಂದಿದೆ. ಕೊಂಡವನು ಅಂಥ ಖೋಲಿಯಲ್ಲಿ ತಾನು ಮಲಗುವುದಿಲ್ಲ. ಠಾಣೆಯಲ್ಲೋ ನವಿಮುಂಬಯಿಯಲ್ಲೋ ಸುಭದ್ರ ಫ್ಲ್ಯಾಟಿನಲ್ಲಿದ್ದುಕೊಂಡು, ಖೋಲಿಯನ್ನು ಬಾಯಿಮಾತಿನಲ್ಲಿ ಯಾರಿಗಾದರೂ ಕೊಡುತ್ತಾನೆ. ಅಲ್ಲಿ ಮಲಗುವುದು ಪರೀಕ್ಷೆಗೆ ಓದಲು ಬಂದ ಹುಡುಗರು, ಹೋಟೆಲಿನಲ್ಲಿ ರಾತ್ರಿಪಾಳಿ ಮುಗಿಸಿ ಬಂದವರು. ಅವರ ಹೆಸರು ರಸೀತಿಯಲ್ಲೂ ಇಲ್ಲ, ಮ್ಹಾಡಾದ ಪಟ್ಟಿಯಲ್ಲೂ ಇಲ್ಲ. ಕಟ್ಟಡ ಖಾಲಿ ಮಾಡಿಸುವಾಗ ಅವರಿಗೆ ಟ್ರಾನ್ಸಿಟ್ ಕ್ಯಾಂಪಿಲ್ಲ. ಬಿದ್ದಾಗ, ಒಳಗೆ ಎಷ್ಟು ಜನ ಇದ್ದರು ಎಂದು ಹೇಳಲು ಯಾರಿಗೂ ತಿಳಿದಿರುವುದಿಲ್ಲ.

ಪ್ರತಿವರ್ಷ ಮಳೆಗಾಲಕ್ಕೆ ಮುಂಚೆ ಮ್ಹಾಡಾ ಅತಿ ಅಪಾಯಕಾರಿ ಸೆಸ್ ಕಟ್ಟಡಗಳ ಪಟ್ಟಿ ಪ್ರಕಟಿಸುತ್ತದೆ. ಮಹಾನಗರಪಾಲಿಕೆಯೂ ತನ್ನ ಪಟ್ಟಿ ಹೊರಡಿಸುತ್ತದೆ, ಅದರಲ್ಲಿ ‘ಸಿ-1’ ಎಂದಿದ್ದರೆ ತಕ್ಷಣ ಖಾಲಿ ಮಾಡಿ ಕೆಡವಬೇಕಾದ ಕಟ್ಟಡ ಎಂದರ್ಥ. ಮೂವತ್ತು ವರ್ಷ ದಾಟಿದ ಕಟ್ಟಡಕ್ಕೆ ಸ್ಟ್ರಕ್ಚರಲ್ ಆಡಿಟ್ ಆಗಿರಬೇಕು, ಆ ವರದಿಯನ್ನು ಕೇಳುವುದರಲ್ಲಿ ಸಂಕೋಚ ಬೇಡ. ಖೋಲಿ ಕೊಳ್ಳಲು ಹೊರಟವರು ಇವನ್ನು ನೋಡಲಿ, ತಿಂಗಳಿಗಿಷ್ಟು ಕೊಟ್ಟು ಇರಲು ಹೊರಟ ವಿದ್ಯಾರ್ಥಿಗಳೂ ನೋಡಲಿ. ಹೊಸದಾಗಿ ಬಣ್ಣ ಬಳಿದ ಒಳಗೋಡೆಯನ್ನು ಬಿಟ್ಟು, ಕಟ್ಟಡದ ಹಿಂದಕ್ಕೆ ಹೋಗಿ ಸಂಡಾಸಿನ ಕೊಳವೆ ಇಳಿಯುವ ಗೋಡೆಯನ್ನು ಒಮ್ಮೆ ನಿಂತು ನೋಡಿ. ಅಲ್ಲಿ ಬಿರುಕಿನಲ್ಲಿ ಅರಳಿ ಗಿಡ ಎದ್ದಿದ್ದರೆ, ಆ ಗೋಡೆಯನ್ನು ಬಹಳ ಕಾಲದಿಂದ ಯಾರೂ ನೋಡಿಕೊಂಡಿಲ್ಲ ಎಂದೇ ತಿಳಿಯಿರಿ.